ಕೋಳಿ ಕೂಗದ ನಾಲ್ಕು ಬೆಳಗು

"ಕೋಳಿ ಎಲ್ಲಿ ಹೋಯ್ತು?"

ಹೊಲಿಗೆ ಯಂತ್ರದ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿ ಚಿಕ್ಕಮ್ಮ ಕೇಳಿದಳು. ಕೋಣೆಯಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಕಿಟಕಿ ಹಲಗೆಯ ಮೇಲಿದ್ದ ಪುಟ್ಟ ಸ್ಪೀಕರು ಮಾತ್ರ ತನ್ನ ಪಾಡಿಗೆ ತಾನು ಓದುತ್ತಿತ್ತು. ಯೇಸುಸ್ವಾಮಿಯನ್ನು ತೋಟದಲ್ಲಿ ಹಿಡಿದಿದ್ದರು, ಮಹಾಯಾಜಕನ ಮನೆಗೆ ಎಳೆದೊಯ್ದಿದ್ದರು, ಸುಳ್ಳುಸಾಕ್ಷಿ ಹೇಳಿಸಿ ಮುಖಕ್ಕೆ ಉಗುಳಿದ್ದರು. ಅಷ್ಟರಲ್ಲಿ ಬೆಳಗಾಗಿಬಿಟ್ಟಿತು. ಓದುತ್ತಿದ್ದ ದನಿ ಒಂದು ಉಸಿರು ಎಳೆದುಕೊಂಡು, ಕೈಕಟ್ಟಿದ್ದ ಸ್ವಾಮಿಯನ್ನು ಅಧಿಪತಿಯ ಮುಂದೆ ತಂದು ನಿಲ್ಲಿಸಿತು.

ಆ ದನಿ ಉಪದೇಶಿಯವರದು, ಚಿಕ್ಕಮ್ಮನ ಭಾವ. ಜನ್ಮವೆಲ್ಲ ದೇವಾಲಯದಲ್ಲಿ ಗ್ರಂಥ ಓದಿ, ಮನೆ ಮನೆಗೆ ಹೋಗಿ ಅದನ್ನೇ ಹೇಳಿ ದನಿ ಸವೆಸಿಕೊಂಡವರು. ಚಹಾ ಲೋಟ ಹಿಡಿದು ಆಗಷ್ಟೇ ಹೊಸ್ತಿಲಿಗೆ ಬಂದವಳು ಅವರ ಮಗಳು.

"ಯಾವ ಕೋಳಿ, ಚಿಕ್ಕಮ್ಮ?"

"ನಿನ್ನನ್ನ ಕೇಳಲಿಲ್ಲ ಬಿಡು. ಬಾಯಿಗೆ ಬಂತು, ಅಂದೆ." ಚಿಕ್ಕಮ್ಮ ಸೂಜಿಯ ಕೆಳಗಿನಿಂದ ಬಟ್ಟೆಯನ್ನು ಎಳೆದು ಹಲ್ಲಿನಿಂದ ದಾರ ಕಡಿದಳು. "ಅಂಗಳದಲ್ಲಿ ಬೆಂಕಿ ಕಾಯಿಸ್ಕೊಂಡು ನಿಂತಿದ್ದನಲ್ಲ, ಹಿರೇ ಶಿಷ್ಯ. ಆ ಕೆಲಸದವಳು ಬಂದು, ನೀನೂ ಅವನ ಕಡೆಯವನಲ್ವಾ ಅಂದ್ಲು. ಅವನ್ಯಾರೋ ನಂಗೊತ್ತಿಲ್ಲ ಅಂದ, ಸ್ವಾಮಿ ಮೊದಲೇ ಹೇಳಿದ್ದ ಹಾಗೆ ಮೂರು ಸಲ. ಆಮೇಲೆ ಕೂಗಿತಲ್ಲ, ಆ ಕೋಳಿ. ಇಲ್ಲಿ ರಾತ್ರಿ ಆಯ್ತು, ಬೆಳಗಾಯ್ತು. ಮಧ್ಯೆ ಕೋಳಿನೂ ಇಲ್ಲ, ಬೆಂಕಿನೂ ಇಲ್ಲ, ಅವನೂ ಇಲ್ಲ."

ಮಗಳಿಗೆ ನಗು ಬಂತು. "ಇರುತ್ತೆ ಚಿಕ್ಕಮ್ಮ. ನಿಮ್ಮ ಯಂತ್ರದ ಸದ್ದಲ್ಲಿ ಕೇಳಿಸಿರಲ್ಲ."

"ಯಂತ್ರದ ಸದ್ದಲ್ಲೇ ಪಕ್ಕದ ಮನೆಯವಳು ನನ್ನ ಬಗ್ಗೆ ಪಿಸುಗುಟ್ಟೋದು ಕೇಳಿಸುತ್ತೆ. ಕೋಳಿ ಕೂಗಿದ್ರೆ ಕೇಳಿಸಲ್ವಾ? ಹಿಂದಕ್ಕೆ ತಿರುಗಿಸು."

ತಿರುಗಿಸಿದಳು. ಇರಲಿಲ್ಲ. ಸ್ವಾಮಿಯ ಕಥೆ ಹೇಳುವ ಸುವಾರ್ತೆಗಳು ನಾಲ್ಕು. ಇದು ಮೊದಲನೆಯದು. ಎರಡನೆಯದರಲ್ಲಿ ಹುಡುಕಿದಳು, ಇರಲಿಲ್ಲ. ಮೂರನೆಯದರಲ್ಲೂ ಇರಲಿಲ್ಲ. ನಾಲ್ಕನೆಯದರಲ್ಲಿ ಆ ಅಂಗಳದ ಕಥೆ ಎರಡು ತುಂಡಾಗಿ ಬರುತ್ತದೆ. ಎರಡೂ ತುಂಡುಗಳನ್ನು ಹೊಲಿಗೆ ಕಾಣದ ಹಾಗೆ ಬಿಡಿಸಿ ತೆಗೆಯಲಾಗಿತ್ತು. ನಾಲ್ವರು ಸಾಕ್ಷಿಗಳು ತಪ್ಪದೆ ಹೇಳಿದ ಮಾತು, ನಾಲ್ಕು ಕಡೆಯೂ ಮಾಯ.

ಚಹಾ ಆರಿತ್ತು. ಚಿಕ್ಕಮ್ಮ ಅದನ್ನು ಹಾಗೇ ಕುಡಿದಳು.

"ಇದನ್ನ ಕೇಳಿಸ್ಕೊಳ್ಳೋಕೆ ಕೂತಿದ್ದು ಯಾರು?" ಅಂದಳು.

ಕೂತಿದ್ದವಳು ಮಗಳೇ.

ದೇವಾಲಯದ ಹಿಂದಿನ ಮುರಿದ ಬೆಂಚುಗಳ ಕೋಣೆಯನ್ನು ಖಾಲಿ ಮಾಡಿ ಗ್ರಂಥದ ಧ್ವನಿಮುದ್ರಣಕ್ಕೆಂದೇ ಸಜ್ಜು ಮಾಡಿದ್ದರು. ಕಣ್ಣಿಲ್ಲದವರು, ಅಕ್ಷರ ಬಾರದವರು, ಹಾಸಿಗೆ ಹಿಡಿದವರು, ದಿನವಿಡೀ ಗಾಡಿ ಓಡಿಸುವವರು, ಇವರೆಲ್ಲರ ಕಿವಿಗೆ ಗ್ರಂಥ ಮುಟ್ಟಬೇಕು ಎಂದು ಸಭೆಯವರ ಆಸೆ. ಸದ್ದು ಹೊರಹೋಗದಂತೆ ಗೋಡೆಗಳಿಗೆ ಹೊದಿಸಿದ್ದ ರಜಾಯಿಗಳನ್ನು ಚಿಕ್ಕಮ್ಮನೇ ಹೊಲಿದುಕೊಟ್ಟಿದ್ದಳು, ಗಾಯನ ತಂಡದ ಹಳೆ ನಿಲುವಂಗಿಗಳ ತುಂಡುಗಳಿಂದ. ಒಳಗೆ ಎರಡು ಕುರ್ಚಿ. ಒಂದು ಓದುವವರದು, ಇನ್ನೊಂದು ಕೇಳುವವರದು. ಕೇಳುವವರು ಗ್ರಂಥ ಬಿಚ್ಚಿಟ್ಟುಕೊಂಡು ಸಾಲಿನ ಮೇಲೆ ಬೆರಳು ಓಡಿಸಬೇಕು. ಒಂದು ಪದ ಹಾರಿದರೂ ಮೇಜಿಗೆ ಪೆನ್ಸಿಲಿನಿಂದ ಕುಟ್ಟಬೇಕು. ಕುಟ್ಟಿದ ತಕ್ಷಣ ಗಾಜಿನಾಚೆ ಕೂತ ಬಟನ್ನು ಎಂಬವನು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಓದಿಸುತ್ತಾನೆ.

ಬಟನ್ನು ಅನ್ನುವುದು ಸಭೆಯವರು ಧ್ವನಿಮುದ್ರಣದವನಿಗೆ ಇಟ್ಟ ಹೆಸರು. ಅಂಗಿಯ ಗುಂಡಿಗಳು ಹೊಟ್ಟೆಗೆ ಸೋತು ಸದಾ ಬಿಚ್ಚಿರುತ್ತಿದ್ದವು. ಯಂತ್ರದ ಗುಂಡಿ ಮಾತ್ರ ಅವನ ಮಾತು ಕೇಳುತ್ತಿತ್ತು. ಅವನದು ಬೇರೆ ಧರ್ಮ. ಕೆಲಸ ಶುರುವಾದ ದಿನವೇ ಕೇಳಿದ್ದ:

"ಅಲ್ಲ ಸ್ವಾಮಿ, ಪ್ರತಿ ಧರ್ಮಕ್ಕೂ ಒಂದು ಗ್ರಂಥ ಇದೆ. ಎಲ್ಲರೂ ನಮ್ಮದೇ ಬೇರೆ ಅಂತಾರೆ. ನಿಮ್ಮದರಲ್ಲಿ ಅಂಥದ್ದೇನಿದೆ?"

ಉಪದೇಶಿಯವರಿಗೆ ಇದಕ್ಕಿಂತ ಇಷ್ಟವಾದ ಪ್ರಶ್ನೆ ಲೋಕದಲ್ಲಿ ಇರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಬೇಗ ಎದ್ದುಹೋಗುವ ಹಾಗಿಲ್ಲ ಎಂದು ಸಭೆಗೆಲ್ಲ ಗೊತ್ತು.

"ನಿಮ್ಮ ಮನೇಲಿ ಯಾರಾದ್ರೂ ಬಾಯಿಪಾಠ ಹೇಳ್ತಿದ್ರಾ?"

"ತಾತ. ಒಂದಕ್ಷರ ತಪ್ಪಿದ್ರೆ ಕಿವಿ ಹಿಂಡೋರು. ಅರ್ಥ ಏನು ಅಂದ್ರೆ ಇನ್ನೊಂದು ಕಿವಿನೂ ಹಿಂಡೋರು. ಆ ಸದ್ದೇ ದೇವರು ಕಣೋ ಅನ್ನೋರು."

"ದೊಡ್ಡ ಮಾತು ಅದು, ಸುಳ್ಳಲ್ಲ. ಆದ್ರೆ ನಮಗೆ ಆ ಭಾಗ್ಯ ಇಲ್ಲ. ನಮ್ಮ ಸ್ವಾಮಿ ಮಾತಾಡಿದ ಭಾಷೆ ಒಂದು, ಶಿಷ್ಯರು ಬರೆದಿಟ್ಟಿದ್ದು ಇನ್ನೊಂದು ಭಾಷೇಲಿ. ಅವರ ಬಾಯಿಂದ ಬಂದ ಸದ್ದು ಅಂತ ನಮ್ಮ ಹತ್ರ ಉಳಿದಿರೋದು ನಾಲ್ಕೈದು ಪದ. ಹುಟ್ಟಿದ ದಿನದಿಂದಲೇ ಬೇರೆ ಭಾಷೆಗೆ ಬಂದಿರೋ ಗ್ರಂಥ ಇದು. ಅದಕ್ಕೇ ಯಾವ ಭಾಷೆಯವನ ಮನೆಗೆ ಹೋದ್ರೂ ಅವನದೇ ಆಗುತ್ತೆ. ಸ್ವಾಮಿ ಸ್ವಂತ ಕೈಲಿ ಬರೆದಿದ್ದು ಒಂದೇ ಸಲ. ಬೆರಳಲ್ಲಿ, ಮಣ್ಣಿನ ಮೇಲೆ. ಏನು ಬರೆದ್ರು ಅಂತ ಯಾರೂ ಹೇಳಿಲ್ಲ."

"ಫೋಟೋ ಹೊಡ್ಕೋಬೇಕಿತ್ತು," ಅಂದ ಬಟನ್ನು.

ಉಪದೇಶಿಯವರು ನಕ್ಕರು. ನಕ್ಕು ಮುಂದಕ್ಕೆ ಬಾಗಿದರು. "ಕಥೆ ಹೇಳಿದವರು ನಾಲ್ವರು. ಒಬ್ಬ ಹೇಳಿದ ಹಾಗೆ ಇನ್ನೊಬ್ಬ ಹೇಳಲ್ಲ. ನಾಲ್ಕನ್ನೂ ಅರೆದು ಒಂದು ಮಾಡ್ಬಿಡೋಣ ಅಂತ ಹಿಂದಿನ ಕಾಲದಲ್ಲೇ ನೋಡಿದ್ರು. ಹಿರಿಯರು ಬೇಡ ಅಂದ್ರು. ಸಾಕ್ಷಿ ಹೇಳೋನ ಬಾಯಿಗೆ ಇನ್ನೊಬ್ಬನ ನಾಲಿಗೆ ಇಡಬಾರದು ಅಂತ. ಆಮೇಲೆ ಇನ್ನೊಂದು ನೋಡಿ. ಸಭೆಗೆ ಬುನಾದಿ ಹಾಕಿದ ಹಿರೇ ಶಿಷ್ಯನೇ ಗುರುವನ್ನ ಗೊತ್ತಿಲ್ಲ ಅಂದ. ಬೇರೆ ಯಾರಾದ್ರೂ ಆಗಿದ್ರೆ ಮುಚ್ಚಿಹಾಕ್ತಿದ್ರು. ಹಿರಿಯರು, ಪಾಪ, ವಯಸ್ಸಾಯ್ತು ಅಂತ. ಇಲ್ಲಿ ನಾಲ್ವರೂ ಬರೆದ್ರು. ಆ ಅಂಗಳದವರೆಗೆ ಹೋದ ಬೇರೆ ಶಿಷ್ಯ ಹೆಚ್ಚೆಂದ್ರೆ ಒಬ್ಬ, ಅವನೂ ಬೆಂಕಿ ಹತ್ರ ಇದ್ದ ಅಂತ ಯಾರೂ ಬರೆದಿಲ್ಲ. ಹಾಗಾದ್ರೆ ಈ ಕಥೆ ಹೊರಗೆ ಬಂದಿದ್ದು ಹೇಗೆ? ಅವನೇ ಹೇಳಿರಬೇಕು. ತನ್ನ ಮಾನ ತಾನೇ ತೆಗೆದು ಸಭೆ ಮುಂದೆ ಇಟ್ಟ. ನಮ್ಮ ಗ್ರಂಥ ತನ್ನವರ ಮಾನ ಮುಚ್ಚಲ್ಲ ಬಟನ್ನು. ಅದೇ ವ್ಯತ್ಯಾಸ."

ಕೇಳುವವರ ಕುರ್ಚಿಯಲ್ಲಿ ಕೂತಿದ್ದ ಮಗಳ ಎದೆ ಹಿಗ್ಗಿತ್ತು. ಅಪ್ಪ ಎಷ್ಟು ಚೆನ್ನಾಗಿ ಹೇಳುತ್ತಾರೆ ಎಂದುಕೊಂಡಿದ್ದಳು. ಅದಾದ ಕೆಲವೇ ವಾರಗಳಲ್ಲಿ ಆ ಭಾಗ ಬಂದಾಗ ಅಪ್ಪ ಅದನ್ನು ನಾಲ್ಕು ಸಲ ದಾಟಿ ಹೋದರು. ಅವಳ ಪೆನ್ಸಿಲು ಒಂದು ಸಲವೂ ಮೇಜಿಗೆ ತಾಗಲಿಲ್ಲ.

ಈಗ ಚಿಕ್ಕಮ್ಮನ ಕೋಣೆಯಲ್ಲಿ ನಿಂತು, ಅದು ಹೇಗೆ ಸಾಧ್ಯವಾಯಿತು ಎಂದು ತನ್ನನ್ನೇ ಅಗೆದುಕೊಂಡಳು. ಅಕ್ಷರ ಕಲಿಯುವುದಕ್ಕೆ ಮುಂಚೆ ಅವಳು ಗ್ರಂಥ ಕಲಿತಿದ್ದಳು. ಊಟವಾದ ಮೇಲೆ ಅಪ್ಪ ಮಂಚದ ಅಂಚಿಗೆ ಕೂತು, ಪುಸ್ತಕ ಮುಟ್ಟದೆ, ಕಣ್ಣು ಮುಚ್ಚಿ ಹೇಳುತ್ತಿದ್ದರು. ಆ ಏರಿಳಿತದ ಮೇಲೆ ತಲೆಯಿಟ್ಟು ಅವಳು ನಿದ್ದೆ ಹೋಗುತ್ತಿದ್ದಳು. ಆ ದನಿಯಲ್ಲಿ ಸ್ವಾಮಿಯ ಮುಖಕ್ಕೆ ಉಗುಳಿದ ಮೇಲೆ ಒಂದು ಉಸಿರು. ಉಸಿರಿನ ಆಚೆ ಬೆಳಗು. ಎಂದಿನಿಂದಲೂ ಹಾಗೇ. ಕೋಳಿಯ ಕಥೆ ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ದೇವಾಲಯದಲ್ಲಿ ಕೇಳಿದ್ದಳು, ಭಾನುವಾರದ ಪಾಠಕ್ಕೆ ಬರುವ ಮಕ್ಕಳಿಗೆ ಹೇಳಿಯೂ ಇದ್ದಳು. ಅದು ಬೇರೆ ಕಡೆಯ ಕಥೆಯಾಗಿ ಉಳಿದಿತ್ತು. ಅಪ್ಪನ ದನಿ ಕಿವಿಗೆ ಬಿದ್ದರೆ ಅವಳ ಕಣ್ಣು ತಾನಾಗಿ ಮುಚ್ಚುತ್ತಿತ್ತು, ಬೆರಳು ಸಾಲನ್ನು ಬಿಟ್ಟು ದನಿಯ ಹಿಂದೆ ನಡೆಯುತ್ತಿತ್ತು. ಎಲ್ಲಿ ಹಾರಬೇಕೆಂದು ಅವಳ ಕಿವಿಗೆ ತೊಟ್ಟಿಲಿನಿಂದಲೇ ಕಲಿಸಿಬಿಟ್ಟಿದ್ದರು.

"ಅಪ್ಪ ಯಾಕೆ ಹೀಗೆ…"

"ನನ್ನ ಕೇಳಬೇಡ. ಅವರನ್ನೇ ಕೇಳು," ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುತ್ತ ಅಂದಳು. "ದೇವಾಲಯದಲ್ಲಿ ಆ ಭಾಗ ಬರೋ ಹೊತ್ತಿಗೆ ಪ್ರತಿ ವರ್ಷ ನಿಮ್ಮಪ್ಪನಿಗೆ ಕೆಮ್ಮು ಬರುತ್ತೆ. ನೋಡಿಲ್ವಾ? ಪುಸ್ತಕ ಪಕ್ಕದವರ ಕೈಗೆ ಕೊಡ್ತಾರೆ. ಅಧಿಪತಿ ಬಂದ ಕೂಡ್ಲೇ ಕೆಮ್ಮು ವಾಸಿ."

ಎಲ್ಲರೂ ನೋಡಿದ್ದರು. ಅದನ್ನು ಭಕ್ತಿ ಎಂದುಕೊಂಡಿದ್ದರು. ಸ್ವಾಮಿಯ ಸಂಕಟ ಓದುವಾಗ ಉಪದೇಶಿಗಳ ಗಂಟಲು ಕಟ್ಟುತ್ತದೆ ಎಂದು ಸಭೆಯ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು.

ಬಿಟ್ಟದ್ದನ್ನು ಓದಿಸಿ ಸೇರಿಸಲೇಬೇಕಿತ್ತು. ಭಾನುವಾರ ಬಿಡುಗಡೆ. ಮಗಳು ವಿಷಯ ಹೇಳಿ ಕರೆದಾಗ ಉಪದೇಶಿಯವರು ಬಂದು ಓದುವವರ ಕುರ್ಚಿಯಲ್ಲಿ ಕೂತರು. ಮಗಳು ಗ್ರಂಥ ಬಿಚ್ಚಿದಳು. ಈ ಸಲ ಕಣ್ಣು ಮುಚ್ಚಬಾರದೆಂದು ಕೆಳತುಟಿ ಕಚ್ಚಿಕೊಂಡಿದ್ದಳು. ಬಟನ್ನು ಕೈಯೆತ್ತಿದ.

ಹಿರೇ ಶಿಷ್ಯ ಹೊರಗೆ ಅಂಗಳದಲ್ಲಿ ಕೂತಿದ್ದ ಎನ್ನುವವರೆಗೆ ದನಿ ಬಂತು. ಅಲ್ಲಿ ನಿಂತಿತು.

"ನೀರು ಕುಡೀತೀರಾ?" ಬಟನ್ನು ಕೇಳಿದ.

ಕುಡಿದರು. ಮತ್ತೆ ಶುರುಮಾಡಿದರು. ಕೆಲಸದವಳು ಹತ್ತಿರ ಬಂದಳು. ದನಿ ಅಲ್ಲೇ ಒಣಗಿತು. ಇನ್ನೊಂದು ಸುವಾರ್ತೆಯಿಂದ ಓದಿಸಿದರು. ಅಲ್ಲಿ ಬೆಂಕಿಯವರೆಗೂ ಹೋಗಲಾಗಲಿಲ್ಲ.

"ಬೇರೆಯವರಿಂದ ಓದಿಸಿ ಅಂಟಿಸ್ಬಿಡ್ಲಾ?" ಬಟನ್ನು ಮಗಳ ಮುಖ ನೋಡಿದ. "ದನಿ ಸ್ವಲ್ಪ ಬೇರೆ ಅನ್ನಿಸುತ್ತೆ. ಕೋಳಿ ಬೇಕಾದ್ರೆ ನಿಜವಾದ್ದನ್ನೇ ಕೂಗಿಸ್ತೀನಿ, ನನ್ನ ಹತ್ರ ಇದೆ."

"ಬೇಡ," ಅಂದರು ಉಪದೇಶಿಯವರು. ಮಗಳ ಕಡೆ ತಿರುಗಲಿಲ್ಲ. "ನಿನ್ನ ಚಿಕ್ಕಮ್ಮನ್ನ ಕರ್ಕೊಂಡು ಬಾ. ಅವಳು ಒಂದು ಮಾತು ಹೇಳಿದ್ರೆ ಓದ್ತೀನಿ. ನಾಲ್ಕೂ ಓದ್ತೀನಿ."

"ಏನು ಮಾತು ಅಪ್ಪ?"

ಆಗ ಹೇಳಿದರು. ಮಗಳು ಇನ್ನೂ ಹುಟ್ಟಿರಲಿಲ್ಲ. ಉಪದೇಶಿಯವರ ತಮ್ಮ, ಚಿಕ್ಕಮ್ಮನ ಗಂಡ, ಒಂದು ಗಾಜಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಕುಲುಮೆ ಸಿಡಿದು ಇಬ್ಬರು ಸತ್ತಾಗ, ಹಿಂಬಾಗಿಲಿಗೆ ಬೀಗ ಹಾಕಿಸಿದ್ದು ಮಾಲೀಕರೇ ಎಂದು ಗೇಟಿನ ಮುಂದೆ ನಿಂತು ಕೂಗಿದ. ಪೊಲೀಸರು ಎತ್ತಿಕೊಂಡು ಹೋದರು. ದೇವಾಲಯದ ಚಾವಣಿ, ಶಾಲೆ, ಉಪದೇಶಿಯ ಮನೆ, ಎಲ್ಲವೂ ಅದೇ ಮಾಲೀಕರ ಕೃಪೆ. ಠಾಣೆಯಲ್ಲಿ, ಕತ್ತಲೆಯ ಓಣಿಯಂಥ ಒಂದು ವರಾಂಡದಲ್ಲಿ, ನೋಡಲು ಹೋದ ಅಣ್ಣನನ್ನು ಯಾರೋ ಗದರಿ ಕೇಳಿದರು: ಇವನು ನಿನಗೇನಾಗಬೇಕು? ಭಯ. ಬಾಯಿಂದ ಹೊರಟುಹೋಯಿತು, ಗೊತ್ತಿಲ್ಲ ಅಂತ. ಒಂದೇ ಸಲ. ತಿರುಗಿ ಹೋಗಿ ಹೇಳುವಷ್ಟರಲ್ಲಿ ಎಲ್ಲಿಗೋ ಸಾಗಿಸಿದ್ದರು. ವಾರಸುದಾರರಿಲ್ಲದ ಹೆಣ ಎಂದು ಯಾವುದೋ ಆಸ್ಪತ್ರೆಯವರು ಮಣ್ಣು ಮಾಡಿದರಂತೆ.

ಹೇಳುವಾಗ ದನಿ ಎಲ್ಲೂ ಕಟ್ಟಲಿಲ್ಲ. ಏರಬೇಕಾದಲ್ಲಿ ಏರಿ, ಇಳಿಯಬೇಕಾದಲ್ಲಿ ಇಳಿಯಿತು. ಅದನ್ನು ಗಮನಿಸಿದ್ದು ಮಗಳ ಕಿವಿ. ಎಷ್ಟೋ ಸಲ ಒಳಗೇ ಓದಿಕೊಂಡ ಪಾಠದ ಹಾಗಿತ್ತು ಅದು.

ಚಿಕ್ಕಮ್ಮ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತಾಡುತ್ತಿತ್ತು. ಕೇಳುವವರ ಕುರ್ಚಿಯಲ್ಲಿ ಕೂತು, ಎದುರಿಗಿದ್ದ ಗ್ರಂಥವನ್ನು ಮೆಲ್ಲಗೆ ಮುಚ್ಚಿ, ಅದರ ಮೇಲೆ ಎರಡೂ ಕೈಯಿಟ್ಟಳು. ಬಟನ್ನು ಎದ್ದು ಹೊರಗೆ ಹೋಗಲು ನೋಡಿದ.

"ನೀವು ಕೂತ್ಕೊಳಿ," ಅಂದಳು. "ಕೇಳೋರು ಒಬ್ಬರು ಹೊರಗಿನವರು ಇರಲಿ."

"ಹೇಳಿದ್ದೀನಮ್ಮ ಇವಳಿಗೆ," ಉಪದೇಶಿಯವರು ಅಂದರು. "ಎಲ್ಲಾ ಹೇಳಿದ್ದೀನಿ."

"ಏನು ಹೇಳಿದ್ರು ಕಣೇ?"

ಮಗಳು ಹೇಳಿದಳು. ವರಾಂಡ, ಕತ್ತಲೆ, ಗದರಿಕೆ, ಭಯ, ಒಂದೇ ಸಲ.

"ಅದು ಅವರ ಸುವಾರ್ತೆ," ಅಂದಳು ಚಿಕ್ಕಮ್ಮ. "ನನ್ನದು ಬೇರೆ ಇದೆ."

ಉಪದೇಶಿಯವರು ಕನ್ನಡಕ ತೆಗೆಯಲು ಕೈಯೆತ್ತಿ, ಹಾಗೇ ಬಿಟ್ಟರು.

"ಕತ್ತಲೆ ಎಲ್ಲಿತ್ತು ಭಾವ? ಮಟಮಟ ಮಧ್ಯಾಹ್ನ. ನಾನು ಊಟದ ಡಬ್ಬಿ ಹಿಡ್ಕೊಂಡು ಕಿಟಕಿ ಹೊರಗೆ ನಿಂತಿದ್ದೆ. ಹೆಂಗಸರು ಒಳಗೆ ಬರಬೇಡಿ ಅಂದಿದ್ರು. ಯಾರೂ ಗದರಲಿಲ್ಲ. ಆ ಪೊಲೀಸಪ್ಪ ವಯಸ್ಸಾದವನು, ನಿಮಗೆ ಕೂತ್ಕೊಳೋಕೆ ಸ್ಟೂಲ್ ಕೊಟ್ಟ. 'ಸ್ವಾಮಿ, ಹುಡುಗನಿಗೆ ಜಾಸ್ತಿ ಪೆಟ್ಟಾಗಿದೆ. ನಿಮ್ಮವನು ಅಂತ ಒಂದು ಸೈನ್ ಹಾಕಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ' ಅಂದ. ಕೈಮುಗಿದ ಹಾಗೆ ಹೇಳಿದ. ನೀವು ಏನಂದ್ರಿ? ನಮ್ಮ ಸಭೆಯವನಲ್ಲ ಅಂದ್ರಿ. ಅವನು ಮತ್ತೆ ಕೇಳಿದ, ಮಾತು ನಿಮ್ಮ ಥರಾನೇ ಇದೆಯಲ್ಲ, ಸಂಬಂಧ ಇಲ್ವಾ? ನಮ್ಮ ಮನೆಯವನಲ್ಲ ಅಂದ್ರಿ."

"ಅಮ್ಮಾ…" ಉಪದೇಶಿಯವರು ತಡೆಯಲು ನೋಡಿದರು.

"ಇನ್ನೂ ಇದೆ. ಇವರು, ನಿಮ್ಮ ತಮ್ಮ, ಬೆಂಚಿನ ಮೇಲೆ ಮಲಗಿದ್ರು. ಮಲಗಿದ್ದವರು ತಲೆ ಎತ್ತಿ ನಿಮ್ಮನ್ನ ನೋಡಿದ್ರು. ಆ ಪೊಲೀಸಪ್ಪ ಇವರನ್ನೇ ಕೇಳಿದ, ಏನಯ್ಯ, ಇವರು ನಿನಗೇನಾಗಬೇಕು? ಇವರು ಏನಂದ್ರು ಹೇಳಿ ಭಾವ. ನೀವು ಕೇಳಿಸ್ಕೊಂಡಿದ್ದೀರಿ."

ಉಪದೇಶಿಯವರು ಮುಚ್ಚಿದ ಗ್ರಂಥದ ಕಡೆ ನೋಡಿದರು.

"ಏನೂ ಆಗಬೇಕಿಲ್ಲ ಸಾರ್, ಅಂದ್ರು," ಚಿಕ್ಕಮ್ಮ ಮಗಳಿಗೆ ಹೇಳಿದಳು. "ನಿಮ್ಮಪ್ಪನ ಮಾತು ಸುಳ್ಳಾಗಬಾರದು ಅಂತ. ಅಣ್ಣನಿಗೆ ತೊಂದರೆ ಆಗಬಾರದು ಅಂತ."

ಗಾಜಿನಾಚೆ ಬಟನ್ನು ತಲೆ ತಗ್ಗಿಸಿ ಬಿಚ್ಚಿದ ಗುಂಡಿಯೊಂದನ್ನು ಹಾಕಲು ಹೆಣಗುತ್ತಿದ್ದ. ತನ್ನ ಅಪ್ಪ ಹೇಳಿಕೊಟ್ಟ ಗ್ರಂಥದಲ್ಲಿ ಇನ್ನೆಲ್ಲೆಲ್ಲಿ ಉಸಿರು ಎಳೆದುಕೊಂಡಿದ್ದಾರೋ ಎಂದು ಮಗಳು ಯೋಚಿಸುತ್ತಿದ್ದಳು. ಮೊದಲಿನಿಂದ ಎಲ್ಲವನ್ನೂ ಕಣ್ಣಿಂದ ಓದಬೇಕು. ಹೊಸಬಳ ಹಾಗೆ.

"ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ ಚಿಕ್ಕಮ್ಮ?"

"ಎಲ್ಲಿಗೆ ಹೋಗಲಿ? ಇವರೇ ಕೋಣೆ ಕೊಟ್ರು, ಯಂತ್ರ ತಂದುಕೊಟ್ರು. ಒಂದು ದಿನ ಹಸಿವು ಅಂತ ಇರಿಸಲಿಲ್ಲ. ಕೊಡೋದೆಲ್ಲ ಕೊಟ್ರು, ಗೊತ್ತಿಲ್ಲ ಅಂದಿದ್ದು ನಾನೇ ಅನ್ನೋ ಆ ಮಾತೊಂದನ್ನ ಬಿಟ್ಟು. ಆ ಶಿಷ್ಯ ಸಭೆ ಮುಂದೆ ತಾನೇ ಹೇಳ್ಕೊಂಡ ಅಂತ ಇವರು ಪೀಠದಲ್ಲಿ ನಿಂತು ಹೇಳೋದನ್ನ ಎಷ್ಟು ಸಲ ಕೇಳಿದ್ದೀನಿ. ಪ್ರತಿ ಸಲ ಅನ್ಕೊಳ್ತಿದ್ದೆ, ಇವತ್ತು ಇವರೂ ಹೇಳ್ತಾರೆ ಅಂತ. ಕೆಮ್ಮು ಬರ್ತಿತ್ತು."

ಉಪದೇಶಿಯವರ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ, ಅದರಲ್ಲಿ ಅನುಮಾನವಿಲ್ಲ. ಎದ್ದು ಬಂದು, ಚಿಕ್ಕಮ್ಮನ ಕುರ್ಚಿಯ ಮುಂದೆ, ಪೀಠದ ಮುಂದೆ ನಿಂತವರ ಹಾಗೆ ನಿಂತರು.

"ನೀನು ಹೇಳಿದ್ದೇ ಸರಿ. ಹಾಗೇ ಆಗಿದ್ದು," ಅಂದರು. ದನಿ ಈಗ ಹರಿದಿತ್ತು, ಯಾವ ಏರಿಳಿತವೂ ಇರಲಿಲ್ಲ. "ನನ್ನ ದನಿ ಇನ್ನು ಹೆಚ್ಚು ದಿನ ಬರಲ್ಲ. ಡಾಕ್ಟರು ಹೇಳಿದ್ದಾರೆ. ಕ್ಷಮಿಸಿದೆ ಅಂತ ಒಂದು ಮಾತು ಹೇಳಮ್ಮ. ಆ ಶಿಷ್ಯನಿಗೂ ಸಿಕ್ತಲ್ಲ. ನಾಲ್ಕನೇ ಸುವಾರ್ತೆ ಕೊನೇಲಿ, ಸರೋವರದ ದಂಡೆ ಮೇಲೆ ಬೆಂಕಿ ಹಾಕಿ, ಕೂರಿಸಿ, ಊಟ ಕೊಟ್ಟು…"

"ಯಾರು ಕೊಟ್ಟಿದ್ದು?"

"ಏನು?"

"ಬೆಂಕಿ ಹಾಕಿ ಊಟ ಕೊಟ್ಟಿದ್ದು ಯಾರು ಭಾವ? ಯಾರನ್ನ ಗೊತ್ತಿಲ್ಲ ಅಂದನೋ ಅವರೇ. ಸತ್ತವರೇ ಎದ್ದು ಬಂದು ಕೊಟ್ರು. ಅವರ ತಾಯಿ ಇದ್ರು, ಜೊತೆಗಿದ್ದ ಹೆಂಗಸರು ಇದ್ರು. ನೀವು ಯಾರಾದ್ರೂ ಹೋಗಿ ಅವನಿಗೆ ಕ್ಷಮಿಸಿದೆ ಅಂತ ಹೇಳಿಬನ್ನಿ ಅಂತ ಅವರು ಕಳಿಸಲಿಲ್ಲ. ನಾಲ್ವರಲ್ಲಿ ಒಬ್ಬರಾದ್ರೂ ಹಾಗೆ ಬರೆದಿದ್ದಾರಾ?"

ಉಪದೇಶಿಯವರ ಕೈ ಮೇಜಿನ ಅಂಚನ್ನು ಹುಡುಕಿತು. ಪಕ್ಕದಲ್ಲಿ ನಿಂತಿದ್ದ ಮಗಳು ತೋಳು ಹಿಡಿದುಕೊಂಡಳು. ಹಿಡಿಯದೆ ಇರಲು ಅವಳಿಗೆ ಮನಸ್ಸಿತ್ತು, ಕೈ ಕೇಳಲಿಲ್ಲ.

"ಕಡೇ ದಿನ ಎಲ್ಲರೂ ಏಳ್ತಾರೆ ಅಂತ ನೀವೇ ಓದಿದ್ದೀರಿ," ಚಿಕ್ಕಮ್ಮ ಗ್ರಂಥದ ಮೇಲಿನ ಕೈ ತೆಗೆದು, ಅದನ್ನು ಮೇಜಿನ ಮೇಲೆ ಅವರ ಕಡೆಗೆ ತಳ್ಳಿದಳು. "ನಾನು ನಂಬಿದ್ದೀನಿ. ಗುರುತಿನ ಕಲ್ಲು ಇಲ್ಲದೇ ಇರೋ ಜಾಗದಿಂದಲೂ ಏಳ್ತಾರೆ. ಆವತ್ತು ನಿಮ್ಮ ತಮ್ಮನನ್ನೇ ಕೇಳಿ. ಅವರು ಕೊಟ್ರೂ ಕೊಡ್ತಾರೆ, ಅವರ ಸ್ವಭಾವ ಅಂಥದ್ದು. ಇವತ್ತು ಓದೋದಾದ್ರೆ ಓದಿ, ಕೇಳಿಸ್ಕೊಳ್ತೀನಿ. ತಪ್ಪಿದ್ರೆ ಕುಟ್ತೀನಿ."

"ಒಂದೇ ಮಾತಮ್ಮ," ಉಪದೇಶಿಯವರು ಕೈ ಜೋಡಿಸಿದರು. "ಅವನ ಪರವಾಗಿ ಬೇಡ. ನಿನ್ನ ಪರವಾಗಿಯಾದ್ರೂ ಹೇಳು."

ಚಿಕ್ಕಮ್ಮ ಪೆನ್ಸಿಲು ಕೈಗೆತ್ತಿಕೊಂಡಳು.

"ಇಲ್ಲ ಭಾವ," ಅಂದಳು. "ಹೇಳಲ್ಲ."